ಹಳೆಯ ಕಠಾರಿಗೆ ಪಾಲಿಶ್ ಬೇಡ

ಮಾನ್ಯ ಸಂಪಾದಕರೇ,

ಜರ್ಮನ್ ಸೇನಾಧಿಕಾರಿಗಳ 1935ರ ಮಾದರಿಯ ಸಮವಸ್ತ್ರ ಕಠಾರಿ ಕೊಳ್ಳುವವರು ಅಲಗಿನ ಮೇಲಿನ, ಕತ್ತಿ-ಚಾಕುಗಳಿಗೆ ಹೆಸರಾದ ಜರ್ಮನ್ ನಗರ ಜೋಲಿಂಗೆನ್‌ನ ತಯಾರಕರ ಮುದ್ರೆಯನ್ನೇ ನೆಚ್ಚಿಕೊಳ್ಳುತ್ತಾರೆ. ಮುದ್ರೆಯ ನಕಲು ಸುಲಭ. ಹಿಡಿಕೆಯ ತುದಿಗುಬ್ಬಿಯನ್ನು ಎಡಕ್ಕೆ ತಿರುಗಿಸಿ ಬಿಚ್ಚಿ, ಹಿಡಿಕೆ, ಅಡ್ಡಪಟ್ಟಿ ಸರಿಸಿ ನೋಡಿ: ಚರ್ಮದ ವಾಷರ್, ಹಿಡಿಕೆಯೊಳಗೆ ಹೋಗುವ ಅಲಗಿನ ಕಡ್ಡಿಯ ಕಂದು ಬಣ್ಣ ಎರಡೂ ವಯಸ್ಸಿಗೆ ತಕ್ಕಂತಿರಬೇಕು. ಗುಬ್ಬಿ ಬಿಗಿದಿದ್ದರೆ ಬಲವಂತ ಬೇಡ, ಸೆಲ್ಯುಲಾಯ್ಡ್ (ಹಳೆಯ ಬಗೆಯ ಪ್ಲಾಸ್ಟಿಕ್) ಹಿಡಿಕೆ ಬಿರಿಯುತ್ತದೆ. ಆ ಸೆಲ್ಯುಲಾಯ್ಡ್ ಕೆಡತೊಡಗಿದರೆ ಆಮ್ಲೀಯ ಅನಿಲ ಬಿಟ್ಟು ಪಕ್ಕದ ಲೋಹವನ್ನೂ ತಿನ್ನುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಮುಚ್ಚಿಡಬಾರದು. ಪಾಲಿಶ್ ಅಂತೂ ಬೇಡವೇ ಬೇಡ, ಸತು ಮಿಶ್ರಲೋಹದ ಭಾಗಗಳ ತೆಳು ಲೇಪ ಹೋದರೆ ಹೋಯಿತು. ಅಲಗಿಗೆ ತೆಳುವಾಗಿ ಮೈಕ್ರೋಕ್ರಿಸ್ಟಲೈನ್ ಮೇಣ ಸಾಕು. ಅಂದಹಾಗೆ, ಜರ್ಮನಿಯಲ್ಲಿ ಈ ಕಠಾರಿಯ ಮೇಲಿನ ನಾತ್ಸಿ ಸ್ವಸ್ತಿಕ ಕಾಣುವಂತೆ ಪ್ರದರ್ಶಿಸಿದರೆ, ಇಂಥ ಚಿಹ್ನೆಗಳನ್ನು ನಿಷೇಧಿಸುವ ದಂಡಸಂಹಿತೆಯ 86ಎ ಕಲಂ ಅಡ್ಡಬರುತ್ತದೆ. ಅಲ್ಲಿನ ವ್ಯಾಪಾರಿಗಳು ಚಿಹ್ನೆ ಮರೆಮಾಡುವುದು ಅದಕ್ಕೇ.

– ಓರ್ವ ಸಂಗ್ರಾಹಕ