ಘಾಟಿಯಲ್ಲಿ ಏಕಾಏಕಿ ಎಳೆತ ಬಿಡುವ ಪಿಕಪ್ ವಾಹನಗಳು

ಸಂಪಾದಕರಿಗೆ,

ಮಾನ್ಯರೇ,

2018ರಲ್ಲಿ ಕೊಂಡ ಡೀಸೆಲ್ ಪಿಕಪ್ ಒಂದರಲ್ಲಿ ಸಕಲೇಶಪುರ ಮತ್ತು ಮಂಗಳೂರಿನ ನಡುವೆ ಸರಕು ಸಾಗಿಸಿ ಜೀವನ ನಡೆಸುತ್ತಿರುವವನು ನಾನು. ಓಡುತ್ತಿರುವ ವಾಹನ ಇದ್ದಕ್ಕಿದ್ದಂತೆ ಚಾಲಕನ ಮಾತು ಕೇಳದೆ ಶಕ್ತಿ ಕಳೆದುಕೊಳ್ಳುವ ತೊಂದರೆಯನ್ನು ಗ್ಯಾರೇಜುಗಳೂ ಸಾರಿಗೆ ಇಲಾಖೆಯೂ ಕೇವಲ ದುರಸ್ತಿಯ ವಿಷಯವೆಂದು ತಿಳಿದಿರುವುದರಿಂದ, ಅದು ಜೀವಕ್ಕೆ ಸಂಬಂಧಿಸಿದ ವಿಷಯವೆಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದ ಒಂದು ಬೆಳಗಿನ ಜಾವ, 50 ಕೆ.ಜಿ. ತೂಕದ 24 ಚೀಲ ಪಶು ಆಹಾರ ಹೇರಿಕೊಂಡು ಗುಂಡ್ಯದಿಂದ ಮಾರನಹಳ್ಳಿಯ ಕಡೆಗೆ ಶಿರಾಡಿ ಘಾಟಿ ಹತ್ತುತ್ತಿದ್ದೆ. ಭಾರ ಮಿತಿಯೊಳಗೇ ಇತ್ತು. ಮೂರನೆಯ ಗೇರಿನಲ್ಲಿ ಸರಾಗವಾಗಿ ಏರುತ್ತಿದ್ದ ಗಾಡಿ ಒಂದು ತಿರುವಿನ ನಡುವೆ ಎಳೆಯುವುದನ್ನು ನಿಲ್ಲಿಸಿತು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಎಂಜಿನ್ ಒಂದೇ ಸಮನೆ ಸಣ್ಣಗೆ ಗುನುಗುತ್ತಿತ್ತು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಕೊಂಡಿತ್ತು. ಹಿಂದೆ ಒಂದು ಅನಿಲ ಟ್ಯಾಂಕರ್ ಬರುತ್ತಿತ್ತು. ಆ ಚಾಲಕರು ನನ್ನ ಗಾಡಿಯ ವೇಗ ಕುಸಿದದ್ದನ್ನು ಗಮನಿಸಿ ದೂರದಲ್ಲೇ ನಿಧಾನಿಸಿದ್ದರಿಂದ ನಾನು ಉಳಿದೆ. ಬ್ರೇಕ್ ಒತ್ತದೆ ವೇಗ ಕುಸಿಯುವಾಗ ಹಿಂದಿನ ಕೆಂಪು ದೀಪ ಉರಿಯುವುದಿಲ್ಲ, ಮಂಜು ಕವಿದ ತಿರುವಿನಲ್ಲಿ ಹಿಂದಿನವರಿಗೆ ಯಾವ ಸೂಚನೆಯೂ ಸಿಗುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಹೇಗೋ ಅಂಚಿಗೆ ಸರಿಸಿ, ಕೀಲಿ ತಿರುಗಿಸಿ ಆರಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಸೆಲ್ಫ್ ಹೊಡೆದಾಗ ಏನೂ ಆಗದಂತೆ ಗಾಡಿ ಓಡಿತು. ಮುಂದಿನ ಎರಡು ತಿಂಗಳಲ್ಲಿ ಇದೇ ತೊಂದರೆ ಇನ್ನೂ ಎರಡು ಬಾರಿ ಮರುಕಳಿಸಿತು.

ನಾನು ಗಾಡಿ ಬಿಟ್ಟ ಸರ್ವಿಸ್ ಕೇಂದ್ರದವರು ಮೊದಲ ಸಲ ಡೀಸೆಲ್ ಫಿಲ್ಟರ್ ಬದಲಿಸಿ, ಟರ್ಬೊ ಹೋಸಿನ ಕ್ಲಿಪ್ ಬಿಗಿಮಾಡಿ ಕಳುಹಿಸಿದರು. ಎರಡನೆಯ ಸಲ ಆಕ್ಸಿಲರೇಟರ್ ಪೆಡಲ್ ಭಾಗವನ್ನೇ ಇಡಿಯಾಗಿ ಹೊಸದು ಹಾಕಿದರು. ದುರಸ್ತಿಯ ವಿವರ ಬರೆದುಕೊಡುವ ಎರಡೂ ಜಾಬ್ ಕಾರ್ಡುಗಳಲ್ಲಿ ‘ಎಳೆಯುತ್ತಿಲ್ಲ’ ಎಂಬ ನನ್ನ ದೂರು ಇದೆ, ‘ಟ್ರಯಲ್ ನೋಡಿದೆ, ತೊಂದರೆ ಕಂಡುಬಂದಿಲ್ಲ’ ಎಂಬ ಅವರ ಷರಾ ಇದೆ. ಸ್ಕ್ಯಾನರ್ ಹಾಕಿದಾಗ ಯಾವ ಕೋಡ್, ಅಂದರೆ ಎಂಜಿನ್ ಕಂಪ್ಯೂಟರ್ ಗುರುತಿಸಿಟ್ಟ ದೋಷದ ಸಂಖ್ಯೆ, ಬಂದಿತ್ತು ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಕೇಳಿದಾಗ, ಅಳಿಸಿ ಆಗಿದೆ ಎಂದರು.

ಮೂರನೆಯ ಸಲ ಊರಿನ ಆಟೊ ಎಲೆಕ್ಟ್ರೀಷಿಯನ್ ಒಬ್ಬರು ತಮ್ಮ ಸಣ್ಣ ಸ್ಕ್ಯಾನರಿನಲ್ಲಿ ನೋಡಿ ‘ಪಿ 2138’ ಎಂಬ ಕೋಡನ್ನು ತೋರಿಸಿದರು. ಪೆಡಲಿನ ಎರಡು ಸೆನ್ಸರುಗಳ ಲೆಕ್ಕ ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದು ಅದರ ಅರ್ಥ. ಅವರು ಹೊಸ ಪೆಡಲನ್ನು ಮುಟ್ಟದೆ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ, ಕಪ್ಪು ಟೇಪ್ ಸುತ್ತಿದ್ದ ಒಂದು ಗಂಟನ್ನು ಬಿಚ್ಚಿದರು. ಗಾಡಿಯ ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ ಪೆಟ್ಟಿಗೆ ಕೂರಿಸುವಾಗ ಪೆಡಲಿನ ವೈರುಗಳನ್ನು ಕತ್ತರಿಸಿ, ಕೈಯಿಂದ ಹೊಸೆದು, ಬೆಸುಗೆ ಹಾಕದೆ ಟೇಪ್ ಸುತ್ತಿ ಬಿಟ್ಟಿದ್ದ ಜೋಡಣೆ ಅದು. ಒಳಗಿನ ತಾಮ್ರ ಹಸಿರು ಕಿಲುಬು ಹಿಡಿದಿತ್ತು. ಮಲೆನಾಡಿನ ಮಳೆಯಲ್ಲಿ ಒದ್ದೆ ಕಾಲು ಇಟ್ಟೇ ಗಾಡಿ ಓಡಿಸುವ ನಮಗೆ ಅಲ್ಲಿಗೆ ತೇವ ಹೇಗೆ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಬೆಸುಗೆ ಹಾಕಿ, ನೀರು ಹೋಗದ ಕಪ್ಲರ್ ಕೂರಿಸಿದ ಮೇಲೆ ಇಂದಿನವರೆಗೆ ಆ ತೊಂದರೆ ಬಂದಿಲ್ಲ.

ಹಿಂದಿನ ಗಾಡಿಗಳಲ್ಲಿ ಪೆಡಲಿನಿಂದ ಡೀಸೆಲ್ ಪಂಪಿನವರೆಗೆ ಉಕ್ಕಿನ ಕೇಬಲ್ ಇರುತ್ತಿತ್ತು. ಅದು ತುಂಡಾದರೆ ಕಣ್ಣಿಗೆ ಕಾಣುತ್ತಿತ್ತು. ಈಗಿನ ಗಾಡಿಗಳಲ್ಲಿ ಪೆಡಲಿನೊಳಗಿನ ಎರಡು ಸೆನ್ಸರುಗಳು ಪ್ರತ್ಯೇಕವಾಗಿ ಎಂಜಿನ್ ಕಂಪ್ಯೂಟರಿಗೆ ವೋಲ್ಟೇಜ್ ಕಳುಹಿಸುತ್ತವೆ. ಅವೆರಡರ ನಡುವೆ ನಿಗದಿಯಾದ ಅನುಪಾತ ತಪ್ಪಿದರೆ ಕಂಪ್ಯೂಟರ್ ಪೆಡಲನ್ನು ನಂಬುವುದನ್ನು ಬಿಟ್ಟು ಎಂಜಿನ್ನನ್ನು ಕಡಿಮೆ ವೇಗಕ್ಕೆ ಕಟ್ಟಿಹಾಕುತ್ತದೆ. ಇದನ್ನು ಮೆಕ್ಯಾನಿಕರು ಲಿಂಪ್ ಮೋಡ್ ಎನ್ನುತ್ತಾರೆ. ಕೆಟ್ಟ ಸೆನ್ಸರಿನಿಂದ ಗಾಡಿ ತಾನಾಗಿ ನುಗ್ಗಬಾರದೆಂಬ ಒಳ್ಳೆಯ ಉದ್ದೇಶಕ್ಕಾಗಿಯೇ ಈ ಏರ್ಪಾಡು ಇದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೊರಗಿನಿಂದ ತಂದು ಕೂರಿಸುವ ಗವರ್ನರ್ ಪೆಟ್ಟಿಗೆ ಈ ಸೂಕ್ಷ್ಮ ದಾರಿಯ ನಡುವೆಯೇ ಕುಳಿತು, ಪೆಡಲಿನ ಸಂಕೇತವನ್ನು ತಾನು ಪಡೆದು ಕಂಪ್ಯೂಟರಿಗೆ ದಾಟಿಸುತ್ತದೆ. ಜೋಡಣೆಯ ಒಂದು ಎಳೆ ಸಡಿಲವಾದರೂ ಅನುಪಾತ ತಪ್ಪುತ್ತದೆ.

ಸರಕು ವಾಹನಗಳಿಗೆ ಗಂಟೆಗೆ 80 ಕಿ.ಮೀ. ಮಿತಿಯ ಗವರ್ನರ್ 2015ರ ಅಕ್ಟೋಬರ್ 1ರಿಂದ ಕಡ್ಡಾಯವಾಗಿರುವುದು ಸರಿಯಾದ ಕ್ರಮವೆಂದೇ ನಾನು ನಂಬಿದ್ದೇನೆ. ಪೆಟ್ಟಿಗೆಯೂ ಎಐಎಸ್-018 ಮಾನದಂಡದಂತೆ ಪರೀಕ್ಷೆಗೊಳಗಾಗಿಯೇ ಬರುತ್ತದೆ. ಆದರೆ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗುವುದು ಪೆಟ್ಟಿಗೆ. ನನ್ನ ಗಾಡಿಯಲ್ಲಿ ಕೆಟ್ಟದ್ದು ಅದನ್ನು ಅವಸರದಲ್ಲಿ ಕೂರಿಸಿದ ಕೈಕೆಲಸ. ಪ್ರತಿ ಸಲ ಎಫ್‌ಸಿಗೆ (ವಾಹನದ ಸುಸ್ಥಿತಿ ಪ್ರಮಾಣಪತ್ರಕ್ಕೆ) ಹೋದಾಗಲೂ ನನ್ನಿಂದ ಗವರ್ನರಿನ ಪ್ರಮಾಣಪತ್ರ ಕೇಳಿದ್ದಾರೆ, ಹೊಗೆ ನೋಡಿದ್ದಾರೆ, ಬ್ರೇಕ್ ಮತ್ತು ಹೆಡ್‌ಲೈಟ್ ನೋಡಿದ್ದಾರೆ. ಪೆಡಲಿನ ಕೆಳಗೆ ಬಗ್ಗಿ ನೋಡಿದವರು ಒಬ್ಬರೂ ಇಲ್ಲ.

ಇಷ್ಟೇ ಗಂಭೀರವಾದ ಇನ್ನೊಂದು ಸಂಗತಿಯನ್ನು ನನ್ನ ಸಹ ಚಾಲಕರಿಗೆ ಹೇಳಲೇಬೇಕಾಗಿದೆ. ಕೀಲಿ ಆರಿಸಿ ಹಚ್ಚಿದರೆ ಗಾಡಿ ಸರಿಹೋಗುತ್ತದೆಂದು ಗೊತ್ತಾದ ಮೇಲೆ, ನಿಲ್ಲಿಸುವ ತಾಳ್ಮೆಯಿಲ್ಲದೆ ಓಡುತ್ತಿರುವಾಗಲೇ ಹಾಗೆ ಮಾಡುವ ಚಾಲಕರಿದ್ದಾರೆ. ಎಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಕೂಡ ನಿಲ್ಲುತ್ತದೆ. ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ತೀರಿ, ಆಮೇಲೆ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ, ಪವರ್ ಸ್ಟೇರಿಂಗ್ ಬಿಗಿಯುತ್ತದೆ. ಹೇರು ತುಂಬಿದ ಗಾಡಿ ದೋಣಿಗಲ್‌ನಿಂದ ಕೆಳಗಿಳಿಯುವಾಗ ಹೀಗಾದರೆ ಚಾಲಕನ ಕೈಯಲ್ಲಿ ಏನೂ ಉಳಿಯುವುದಿಲ್ಲ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನಾಲ್ಕೂ ಸೂಚಕ ದೀಪ ಹಾಕಿ, ಅಂಚಿಗೆ ಸರಿಸಿ, ಚಕ್ರಕ್ಕೆ ಕಲ್ಲು ಕೊಟ್ಟ ಮೇಲಷ್ಟೇ ಕೀಲಿ ಮುಟ್ಟಿ.

ಎಳೆತ ಬಿಡುವುದಕ್ಕೆ ಪೆಡಲಿನ ವೈರೊಂದೇ ಕಾರಣವಲ್ಲ. ಟರ್ಬೊ ಒತ್ತಡ ಕಡಿಮೆಯಾದರೆ ಪಿ 0299, ಡೀಸೆಲ್ ಒತ್ತಡ ಕಡಿಮೆಯಾದರೆ ಪಿ 0087 ಎಂದು ಬೇರೆ ಬೇರೆ ಕೋಡ್ ಬರುತ್ತದೆ. 2020ರ ಏಪ್ರಿಲ್ 1ರ ನಂತರದ ಬಿಎಸ್ 6 (ಹೊಗೆ ಮಾಲಿನ್ಯ ಮಿತಿಯ ಮಾನದಂಡ) ಡೀಸೆಲ್ ಗಾಡಿಗಳಲ್ಲಿ ಮಸಿ ಕಟ್ಟಿಕೊಂಡ ಹೊಗೆ ಫಿಲ್ಟರಿನಿಂದಲೂ ಹೀಗಾಗುತ್ತದೆ. ಚಾಲಕನ ಕಾಲಿಗೆ ಇವೆಲ್ಲವೂ ಒಂದೇ ರೀತಿ ತೋರುವುದರಿಂದ ಆ ಕೋಡೊಂದೇ ನಿಜವಾದ ಸಾಕ್ಷ್ಯ. ಅದನ್ನು ಬರೆದುಕೊಡದೆ ಅಳಿಸುವುದು ರೋಗಿಯ ರಕ್ತಪರೀಕ್ಷೆಯ ಚೀಟಿಯನ್ನು ಹರಿದುಹಾಕಿದಂತೆ.

ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಸೆಕ್ಷನ್ ಪ್ರಕಾರ, ಚಾಲಕರಿಗೆ ಅಥವಾ ರಸ್ತೆಯಲ್ಲಿರುವ ಇತರರಿಗೆ ಅಪಾಯ ತರುವ ದೋಷದ ಬಗ್ಗೆ ನಿಗದಿತ ಪ್ರಮಾಣದ ಮಾಲೀಕರು ದೂರಿದರೆ ಆ ಮಾದರಿಯ ವಾಹನಗಳನ್ನು ವಾಪಸ್ ಕರೆಸಲು ಸರ್ಕಾರ ಆದೇಶಿಸಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಾಗಿ 7 ವರ್ಷ ಮೀರದ ವಾಹನಗಳಿಗೆ ಅನ್ವಯಿಸುತ್ತವೆ. ನನ್ನ ಗಾಡಿ ಆ ಗಡಿ ದಾಟಿದೆ. ಗಡಿಯೊಳಗಿರುವ ಮಾಲೀಕರಾದರೂ ಕೇಂದ್ರ ಸರ್ಕಾರದ ವಾಹನ್ ಪೋರ್ಟಲಿನಲ್ಲಿ ದೂರು ದಾಖಲಿಸಬೇಕು. ಆದರೆ ‘ತೊಂದರೆ ಕಂಡುಬಂದಿಲ್ಲ’ ಎಂಬ ಕಾಗದವಷ್ಟೇ ಕೈಯಲ್ಲಿರುವ ಸಣ್ಣ ಮಾಲೀಕ ಏನೆಂದು ದೂರಬೇಕು?

ಆದ್ದರಿಂದ ಸಾರಿಗೆ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಶಕ್ತಿ ಕಳೆದುಕೊಂಡ ದೂರಿನೊಂದಿಗೆ ಬಂದ ವಾಹನದ ಕೋಡನ್ನು ಅಳಿಸುವ ಮುನ್ನ ಜಾಬ್ ಕಾರ್ಡಿನಲ್ಲಿ ಬರೆದು ಮಾಲೀಕನಿಗೆ ಕೊಡುವುದನ್ನು ಎಲ್ಲ ಸರ್ವಿಸ್ ಕೇಂದ್ರಗಳಿಗೂ ಕಡ್ಡಾಯಗೊಳಿಸಬೇಕು. ಎಫ್‌ಸಿ ಸಮಯದಲ್ಲಿ ಗವರ್ನರಿನ ಕಾಗದದ ಜೊತೆಗೆ ಅದರ ವೈರ್ ಜೋಡಣೆಯನ್ನೂ ನೋಡಬೇಕು, ಟೇಪ್ ಸುತ್ತಿದ ಜೋಡಣೆಗಳನ್ನು ತಿರಸ್ಕರಿಸಬೇಕು. ಮಲೆನಾಡಿನ ಮತ್ತು ಕರಾವಳಿಯ ಕಚೇರಿಗಳಲ್ಲಾದರೂ ಮುಂದಿನ ಮಳೆಗಾಲಕ್ಕೆ ಮೊದಲೇ ಇದು ಆರಂಭವಾಗಲಿ.

ಕಿಲುಬು ಹಿಡಿದ ಆ ವೈರಿನ ತುಂಡನ್ನೂ ಎರಡು ಜಾಬ್ ಕಾರ್ಡುಗಳನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಇಲಾಖೆಯ ಅಧಿಕಾರಿಗಳು ನೋಡಬಯಸಿದರೆ ಖುದ್ದಾಗಿ ತಂದು ಒಪ್ಪಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸರಕು ಸಾಗಣೆ ಪಿಕಪ್ ವಾಹನದ ಮಾಲೀಕ ಮತ್ತು ಚಾಲಕ,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ