ಗೆಳೆಯಾ, ಆ ಪದಕ್ಕೆ ಇಷ್ಟೊಂದು ಹೆದರಬೇಡ

ಪ್ರೀತಿಯ ಗೆಳೆಯಾ,

ರಾತ್ರಿ ನೀನು ಕಳಿಸಿದ ಸ್ಕ್ಯಾನ್ ರಿಪೋರ್ಟಿನ ಫೋಟೋ ನೋಡಿದೆ. ‘ನಿಯೋಪ್ಲಾಸಂ’ ಅನ್ನೋ ಪದದ ಕೆಳಗೆ ಕಾಗದ ಹರಿಯುವಷ್ಟು ಒತ್ತಿ ಎರಡು ಗೆರೆ ಎಳೆದಿದ್ದೀಯ. ನೀನು ನಿದ್ದೆ ಮಾಡಿಲ್ಲ ಅಂತ ಅದರಲ್ಲೇ ಗೊತ್ತಾಯಿತು.

ಅದು ಗ್ರೀಕ್ ಮೂಲದ ಪದ ಕಣೋ. ‘ನಿಯೋಸ್’ ಅಂದರೆ ಹೊಸದು, ‘ಪ್ಲಾಸ್ಮಾ’ ಅಂದರೆ ರೂಪ ತಳೆದದ್ದು. ಹೊಸ ಬೆಳವಣಿಗೆ, ಅಷ್ಟೇ. ಗಾಯ ಮಾಯುವಾಗ ನೋಡಿದ್ದೀಯಲ್ಲ, ಕೋಶಗಳು ಒಂದು ಎರಡಾಗಿ ಬೆಳೆದು, ಚರ್ಮ ಕೂಡಿಕೊಂಡ ಮೇಲೆ ತಾವಾಗಿಯೇ ನಿಲ್ಲುತ್ತವೆ. ಹಾಗೆ ನಿಲ್ಲದೆ ಬೆಳೆಯುತ್ತಲೇ ಹೋಗಿ ಗಡ್ಡೆ ಕಟ್ಟಿದರೆ ಅದಕ್ಕೆ ಈ ಹೆಸರು. ನನ್ನ ಭುಜದ ಮೇಲೆ ಒಂದು ಗಂಟಿದೆ ಗೊತ್ತಲ್ವಾ, ಮೆತ್ತಗೆ, ಒತ್ತಿದರೆ ಬೆರಳಿನಡಿ ಜಾರುತ್ತೆ, ನೋವಿಲ್ಲ? ಅದು ಲಿಪೋಮ, ಕೊಬ್ಬಿನ ಗಡ್ಡೆ. ಅದೂ ನಿಯೋಪ್ಲಾಸಮ್ಮೇ. ವರ್ಷಗಳಿಂದ ಸುಮ್ನೆ ಕೂತಿದೆ.

‘ಟ್ಯೂಮರ್’ ಅನ್ನೋದು ಇನ್ನೂ ಸಾದಾ ಪದ. ಲ್ಯಾಟಿನ್‌ನಲ್ಲಿ ಬರೀ ಊತ. ಸುಮಾರು 2000 ವರ್ಷಗಳ ಹಿಂದೆ ರೋಮಿನ ವೈದ್ಯಕೀಯ ಲೇಖಕ ಸೆಲ್ಸಸ್ ಉರಿಯೂತಕ್ಕೆ ನಾಲ್ಕು ಲಕ್ಷಣ ಹೇಳಿದ: ಕೆಂಪು, ಊತ, ಬಿಸಿ, ನೋವು. ಆ ಊತಕ್ಕೆ ಅವನು ಬಳಸಿದ ಪದವೇ ಟ್ಯೂಮರ್. ಭಯ ಹುಟ್ಟಿಸುವ ಹೆಸರು ಕ್ಯಾನ್ಸರ್‌ದು. ಅದರ ಅರ್ಥ ಏಡಿ. ನಮ್ಮ ಕರ್ಕಾಟಕ ರಾಶಿಗೆ ಇಂಗ್ಲಿಷಿನಲ್ಲಿ ಇದೇ ಹೆಸರು. ಸ್ತನದ ಗಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲಿನ ಹಾಗೆ ಎರಡೂ ಕಡೆ ಚಾಚಿರುತ್ತವೆ ಅಂತ ವೈದ್ಯ ಗೇಲನ್ ಬರೆದಿದ್ದಾನೆ.

ಇನ್ನೊಂದು ಮಾತು. ಪದದ ಕೊನೆಯ ‘ಓಮ’ ನೋಡಿ ನೀನೇ ತೀರ್ಮಾನ ಮಾಡಬೇಡ. ಮೆಲನೋಮ ಕ್ಯಾನ್ಸರ್, ಆದರೆ ಹೆಮಟೋಮ ಅಂದರೆ ಪೆಟ್ಟು ಬಿದ್ದಾಗ ಒಳಗೆ ಶೇಖರವಾದ ರಕ್ತ, ಅದು ಗಡ್ಡೆಯೇ ಅಲ್ಲ.

ನೋಡಬೇಕಾದದ್ದು ‘ನಿಯೋಪ್ಲಾಸಂ’ ಜೊತೆಗಿರುವ ಪದ. ಬಿನೈನ್ ಅಂದರೆ ಇದ್ದ ಜಾಗದಲ್ಲೇ ಇರುವಂಥದ್ದು. ಹಾಗಂತ ಪೂರ್ತಿ ನಿರ್ಲಕ್ಷ್ಯ ಮಾಡುವಂತಿಲ್ಲ, ಮಿದುಳಿನಂಥ ಕಡೆ ಬೆಳೆದು ಒತ್ತಿದರೆ ತೊಂದರೆಯೇ. ಮ್ಯಾಲಿಗ್ನೆಂಟ್ ಅಂದರೆ ಪಕ್ಕದ ಅಂಗಾಂಶಕ್ಕೆ ನುಗ್ಗಿ, ರಕ್ತದ ಮೂಲಕ ಬೇರೆ ಕಡೆಗೂ ಹೋಗಬಲ್ಲದ್ದು. ನಿನ್ನ ರಿಪೋರ್ಟಿನಲ್ಲಿ ಎರಡೂ ಇಲ್ಲ, ನಾನು ಮೂರು ಸಲ ಓದಿದೆ. ‘ಬಯಾಪ್ಸಿ ಮಾಡಿಸಿ’ ಅಂತ ಮಾತ್ರ ಇದೆ. ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುವ ತನಕ ಡಾಕ್ಟರಿಗೂ ಖಚಿತವಾಗಿ ಹೇಳೋಕಾಗಲ್ಲ.

ಗುರುವಾರ ನಾನೂ ಬರ್ತೀನಿ. ಹಳೇ ರಿಪೋರ್ಟುಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಡು.

ನಿನ್ನವನೇ