ಪ್ರಚಾರ ಮುಗಿದ ಮರುದಿನದ ಕೆಲಸ

ಮಾನ್ಯ ಸಂಪಾದಕರೇ,

ಅಮೆರಿಕದ ಲಿಬರ್ಟೇರಿಯನ್ ಪಕ್ಷದ ಮತಗಳಿಕೆ ಕುಸಿಯುತ್ತಿರುವುದನ್ನು ಮುಂದಿಟ್ಟುಕೊಂಡು, ಸರ್ಕಾರದ ಹಸ್ತಕ್ಷೇಪ ಆದಷ್ಟು ಕಡಿಮೆ ಇರಬೇಕೆನ್ನುವ ರಾಜಕೀಯಕ್ಕೆ ಅಲ್ಲಿ ನೆಲೆಯೇ ಇಲ್ಲ ಎಂದು ತಮ್ಮ ಪತ್ರಿಕೆಯ ಲೇಖನವೊಂದು ತೀರ್ಮಾನಿಸಿದೆ. ಅಂಕಿಗಳೇನೋ ಸರಿಯಾಗಿಯೇ ಇವೆ. 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ಆ ಪಕ್ಷದ ಅಭ್ಯರ್ಥಿ ಗ್ಯಾರಿ ಜಾನ್ಸನ್ ಗಳಿಸಿದ್ದ ಸುಮಾರು 45 ಲಕ್ಷ ಮತಗಳು 2020ರಲ್ಲಿ 18 ಲಕ್ಷದ ಆಸುಪಾಸಿಗೂ 2024ರಲ್ಲಿ ಆರೂವರೆ ಲಕ್ಷದಷ್ಟಕ್ಕೂ ಇಳಿದವು. ಆದರೆ ಈ ವಿಚಾರಧಾರೆ ಕಾರ್ಯಕರ್ತರನ್ನು ಕಂಡುಕೊಂಡದ್ದು ಆ ಪಕ್ಷದಲ್ಲಿ ಅಲ್ಲ; 2008 ಮತ್ತು 2012ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಹೊರಟು ಸೋತ ಟೆಕ್ಸಾಸ್‌ನ ಸಂಸದ ರಾನ್ ಪಾಲ್ ಅವರ ಪ್ರಚಾರದಲ್ಲಿ.

ಇದೇ ಪಾಲ್ 1988ರಲ್ಲಿ ಲಿಬರ್ಟೇರಿಯನ್ ಪಕ್ಷದಿಂದ ಸ್ಪರ್ಧಿಸಿ ಶೇ 0.5ರಷ್ಟು ಮತವನ್ನೂ ಪಡೆದಿರಲಿಲ್ಲ. 2007ರ ಡಿಸೆಂಬರ್ 16ರಂದು, ಬಾಸ್ಟನ್ ಚಹಾ ದಂಗೆಯ ವಾರ್ಷಿಕ ದಿನ, ಅವರ ಬೆಂಬಲಿಗರು ಒಂದೇ ದಿನದಲ್ಲಿ 60 ಲಕ್ಷ ಡಾಲರಿಗೂ ಹೆಚ್ಚು ದೇಣಿಗೆ ಕೂಡಿಸಿದರು. ಅದನ್ನು ಯೋಜಿಸಿದವರು ಪ್ರಚಾರ ಕಚೇರಿಯವರಲ್ಲ, ಅಂತರ್ಜಾಲದಲ್ಲಿ ಪರಸ್ಪರ ಪರಿಚಯವಾದ ಸಾಮಾನ್ಯರು ಎಂಬುದೇ ಮುಖ್ಯ. ಆದರೂ ಹಣ ಹರಿದುಬಂದ ವೇಗದಲ್ಲಿ ಮತ ಬರಲಿಲ್ಲ. 2008ರ ಜೂನ್‌ನಲ್ಲಿ ಸ್ಪರ್ಧೆ ಕೈಬಿಟ್ಟ ಪಾಲ್, ಉಳಿದ ಹಣವನ್ನೂ ಬೆಂಬಲಿಗರ ಪಟ್ಟಿಯನ್ನೂ 'ಕ್ಯಾಂಪೇನ್ ಫಾರ್ ಲಿಬರ್ಟಿ' ಎಂಬ ಸಂಘಟನೆಯತ್ತ ತಿರುಗಿಸಿದರು. ಅವರ ವಿದ್ಯಾರ್ಥಿ ಬೆಂಬಲಿಗರ ಗುಂಪುಗಳಿಂದ 'ಯಂಗ್ ಅಮೆರಿಕನ್ಸ್ ಫಾರ್ ಲಿಬರ್ಟಿ' ಹುಟ್ಟಿತು. ಸೋತ ಅಭ್ಯರ್ಥಿಗಳ ಕಾರ್ಯಕರ್ತರ ಪಟ್ಟಿ ಸಾಮಾನ್ಯವಾಗಿ ಮುಂದಿನ ಯಾರಿಗೋ ಬಾಡಿಗೆಗೆ ಹೋಗುವ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ.

ಆ ಕಾರ್ಯಕರ್ತರು ಏನು ಕಲಿತಿದ್ದರೆಂಬುದು 2012ರಲ್ಲಿ ಅಯೋವಾ ರಾಜ್ಯದಲ್ಲಿ ಗೊತ್ತಾಯಿತು. ಅಲ್ಲಿ ಪಕ್ಷದ ಮತದಾರರು ಜನವರಿಯ ಚಳಿಯಲ್ಲಿ ಶಾಲೆ, ಚರ್ಚುಗಳಲ್ಲಿ ಸೇರಿ ತಮ್ಮ ಆಯ್ಕೆಯನ್ನು ಚೀಟಿಯಲ್ಲಿ ಬರೆದು ಹಾಕುತ್ತಾರೆ, ಟಿ.ವಿ.ಗಳು ಪ್ರಕಟಿಸುವುದು ಆ ಚೀಟಿಗಳ ಎಣಿಕೆಯನ್ನು. ಆ ಬಳಿಕ ಬಹುಪಾಲು ಜನ ಮನೆಗೆ ಹೊರಡುತ್ತಾರೆ. ಕುಳಿತೇ ಇರುವವರು ಕೌಂಟಿ ಸಮಾವೇಶಕ್ಕೆ ಪ್ರತಿನಿಧಿಗಳನ್ನು ಆರಿಸುತ್ತಾರೆ, ಅಲ್ಲಿಂದ ಜಿಲ್ಲೆ, ರಾಜ್ಯ, ಕೊನೆಗೆ ಪಕ್ಷದ ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ರಾಷ್ಟ್ರೀಯ ಸಮಾವೇಶ. ಪಾಲ್ ಅವರ ಜನ ಕುಳಿತೇ ಇದ್ದರು. ಚೀಟಿ ಎಣಿಕೆಯಲ್ಲಿ ಮೂರನೆಯ ಸ್ಥಾನಕ್ಕಿಳಿದಿದ್ದ ಅವರಿಗೆ ಟ್ಯಾಂಪಾದಲ್ಲಿ ನಡೆದ ಆ ರಾಷ್ಟ್ರೀಯ ಸಮಾವೇಶದಲ್ಲಿ ಅಯೋವಾದ 28 ಮತಗಳ ಪೈಕಿ 22 ಬಿದ್ದವು. ಇದು ಕುತಂತ್ರವೆಂದು ಹಲವರು ದೂರಿದರು. ನಿಯಮಪುಸ್ತಕ ಓದಿ ಬಂದವರನ್ನು ಓದದವರು ದೂರುವುದು ಎಲ್ಲ ಪಕ್ಷಗಳಲ್ಲೂ ಇದ್ದದ್ದೇ. ಪಕ್ಷದ ಹಿರಿಯರು ಅದೇ ಸಮಾವೇಶದಲ್ಲಿ ನಿಯಮಗಳನ್ನೇ ಬಿಗಿಗೊಳಿಸಿದರು.

ಕಲಾಪದ ಜಾಣ್ಮೆಗಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ಖಚಿತ ಬೇಡಿಕೆ: ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಪೂರ್ಣ ಲೆಕ್ಕಪರಿಶೋಧನೆ. 'ಸ್ವಾತಂತ್ರ್ಯ ಬೇಕು' ಎಂದರೆ ಸಂಸದ ತಲೆದೂಗಿ ಸುಮ್ಮನಾಗಬಹುದು. 'ಈ ಮಸೂದೆಗೆ ಸಹಿ ಹಾಕುವಿರಾ ಇಲ್ಲವೇ' ಎಂದು ಕ್ಷೇತ್ರದ ಜನ ಕೇಳಿದರೆ ನುಣುಚಿಕೊಳ್ಳುವುದು ಕಷ್ಟ. 2009ರ ಮಸೂದೆಗೆ ಪ್ರತಿನಿಧಿ ಸಭೆಯಲ್ಲಿ 300ಕ್ಕೂ ಹೆಚ್ಚು ಸಹ-ಪ್ರಾಯೋಜಕರು ದೊರೆತರು, 2010ರ ಹಣಕಾಸು ಸುಧಾರಣಾ ಕಾಯ್ದೆಯಲ್ಲಿ ಸೀಮಿತ ತಪಾಸಣೆಗೆ ಅವಕಾಶವಾಯಿತು, 2012ರಲ್ಲಿ ಮಸೂದೆಗೆ ಆ ಸಭೆಯಲ್ಲಿ 327–98 ಮತಗಳಿಂದ ಒಪ್ಪಿಗೆ ಸಿಕ್ಕಿತು. ಸೆನೆಟ್‌ನಲ್ಲಿ ಮಾತ್ರ ಅದು ಮುಂದಕ್ಕೆ ಹೋಗಲಿಲ್ಲ.

ಹಾಗಿದ್ದೂ ಈ ಕಥೆಯನ್ನು ಯಶೋಗಾಥೆ ಎನ್ನಲು ನಾನು ಸಿದ್ಧನಿಲ್ಲ. 2010ರಲ್ಲಿ ಕೆಂಟಕಿಯಿಂದ ಸೆನೆಟ್‌ಗೆ ಗೆದ್ದ ಮಗ ರ್‍ಯಾಂಡ್ ಪಾಲ್, 2016ರಲ್ಲಿ ಅಧ್ಯಕ್ಷ ಸ್ಥಾನದ ಸ್ಪರ್ಧೆಗೆ ಇಳಿದಾಗ ಅಯೋವಾದಲ್ಲಿ ಐದನೆಯವರಾಗಿ, ಎರಡೇ ದಿನದಲ್ಲಿ ಕಣದಿಂದ ಹಿಂದೆ ಸರಿದರು. ತಂದೆಯ ಬೆಂಬಲಿಗರಲ್ಲಿ ಎಷ್ಟು ಮಂದಿ ತತ್ವಕ್ಕಾಗಿ ಬಂದಿದ್ದರು, ಎಷ್ಟು ಮಂದಿ ವ್ಯವಸ್ಥೆಯ ಮೇಲಿನ ಸಿಟ್ಟಿಗೆ ಬಂದಿದ್ದರು ಎಂಬ ಪ್ರಶ್ನೆಯನ್ನು ಆ ಚಳವಳಿ ಸಕಾಲದಲ್ಲಿ ಕೇಳಿಕೊಂಡಂತಿಲ್ಲ. ಯಾರ ಅಪ್ಪಣೆಗೂ ಬಾಗೆವು ಎನ್ನುವವರನ್ನು ಒಂದು ಶಿಸ್ತಿಗೆ ತರುವ ಕಷ್ಟವಂತೂ ಬೇರೆಯೇ.

ತಳಮಟ್ಟದ ನಿಜವಾದ ಪರೀಕ್ಷೆ ನಡೆದಿರುವುದು ನ್ಯೂ ಹ್ಯಾಂಪ್‌ಷೈರ್‌ನಲ್ಲಿ. ಸುಮಾರು 14 ಲಕ್ಷ ಜನರಿರುವ ಆ ರಾಜ್ಯದ ಕೆಳಮನೆಯಲ್ಲಿ 400 ಸ್ಥಾನಗಳಿದ್ದು, ಸದಸ್ಯರ ಸಂಬಳ ವರ್ಷಕ್ಕೆ 100 ಡಾಲರ್. ಹಣವಿಲ್ಲದವರೂ ಕಾಲ್ನಡಿಗೆಯಲ್ಲಿ ಮನೆಮನೆ ಸುತ್ತಿ ಗೆಲ್ಲಬಹುದಾದ ಇಂಥ ಕ್ಷೇತ್ರಗಳನ್ನು ಕಂಡೇ, ಲಿಬರ್ಟೇರಿಯನ್ನರು ಒಂದೇ ರಾಜ್ಯಕ್ಕೆ ವಲಸೆ ಹೋಗಿ ನೆಲೆಸಬೇಕೆನ್ನುವ 'ಫ್ರೀ ಸ್ಟೇಟ್ ಪ್ರಾಜೆಕ್ಟ್' 2003ರಲ್ಲಿ ಆ ರಾಜ್ಯವನ್ನು ಆರಿಸಿಕೊಂಡಿತು. ಅಲ್ಲಿಗೆ ವಲಸೆ ಹೋಗುವುದಾಗಿ 2016ರ ಹೊತ್ತಿಗೆ 20,000 ಜನ ಸಹಿ ಹಾಕಿದ್ದರು. ಹೋದವರಲ್ಲಿ ಕೆಲವರು ಶಾಸಕರೂ ಆಗಿದ್ದಾರೆ.

ಅದೇ ರಾಜ್ಯದ ಕ್ರಾಯ್ಡನ್ ಎಂಬ ಪುಟ್ಟ ಪಟ್ಟಣದಲ್ಲಿ 2022ರ ಮಾರ್ಚ್‌ನಲ್ಲಿ ನಡೆದ, ನಿವಾಸಿಗಳೇ ಬಜೆಟ್ಟಿಗೆ ಮತ ಹಾಕುವ ವಾರ್ಷಿಕ ಸಭೆಗೆ ಕೆಲವೇ ಜನ ಬಂದಿದ್ದರು. ಫ್ರೀ ಸ್ಟೇಟ್ ಬಳಗದ ಒಬ್ಬರು ಶಾಲಾ ಬಜೆಟ್ಟನ್ನು 17 ಲಕ್ಷ ಡಾಲರಿನಿಂದ 8 ಲಕ್ಷಕ್ಕೆ ಇಳಿಸುವ ಸೂಚನೆ ಮಂಡಿಸಿದರು. 20–14ರಿಂದ ಅದು ಅಂಗೀಕಾರವಾಯಿತು. ಎಲ್ಲವೂ ಕಾನೂನುಬದ್ಧ. ಸುದ್ದಿ ತಿಳಿದ ನಿವಾಸಿಗಳು ಸಹಿ ಸಂಗ್ರಹಿಸಿದರು, ಮನೆಗಳ ಬಾಗಿಲು ತಟ್ಟಿದರು, ಪಟ್ಟಣದ ಅರ್ಧದಷ್ಟು ಮತದಾರರಾದರೂ ಹಾಜರಿರಲೇಬೇಕಾದ ವಿಶೇಷ ಸಭೆಯನ್ನು ಮೇ ತಿಂಗಳಲ್ಲಿ ಕರೆಸಿದರು. ಕಡಿತ 377–2ರಿಂದ ರದ್ದಾಯಿತು. ಅಂದು ತಳಮಟ್ಟದ ಸಂಘಟನೆ ಮಾಡಿದವರು ಲಿಬರ್ಟೇರಿಯನ್ನರಲ್ಲ, ಅವರ ನೆರೆಹೊರೆಯವರು. ಮಾರ್ಚ್‌ಗೆ ಮೊದಲೇ ಅವೇ ಬಾಗಿಲುಗಳನ್ನು ತಟ್ಟಿ ತಮ್ಮ ವಾದವನ್ನು ವಿವರಿಸಲು ಸೂಚನೆ ಮಂಡಿಸಿದವರಿಗೆ ಯಾವ ಅಡ್ಡಿಯೂ ಇರಲಿಲ್ಲ.

ಇಂತಿ,
ಓದುಗ